ಕೀವಿನ ಹಸಿರು ಎಲ್ಲಿಂದ ಬಂತು? ಬಿಳಿ ರಕ್ತಕಣದೊಳಗೆ ಕಿಣ್ವಗಳು ಇರುವ ಜಾಗ

ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮುಂಚೆ ಕಾಫಿ ತೋಟದಲ್ಲಿ ಎರಡು ಕೆಲಸ ಮುಗಿಯಲೇಬೇಕು. ಒಂದು, ಮರ ಕಪಾತು. ಇನ್ನೊಂದು, ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಗಿಡಗಳಿಗೆ ಹೊಡೆಯುವುದು. ಸೋಮವಾರಪೇಟೆ ಕಡೆ ನಮ್ಮ ಮನೆ ಪಕ್ಕದ ತೋಟದ ಲೈನ್ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಕಡಿದು ಬಿದ್ದ ಹಾಲುವಾಣದ ಕೊಂಬೆಗಳನ್ನು ಎಳೆದು ರಾಶಿ ಹಾಕುವಾಗ ಅವರ ಅಂಗೈಗೆ ಮುಳ್ಳು ಹೊಕ್ಕಿತು. ತುದಿ ಒಳಗೇ ಮುರಿದು ಉಳಿಯಿತು. ತಾನಾಗೇ ಬರುತ್ತೆ ಅಂತ ಸುಮ್ನೆ ಬಿಟ್ಟರು. ಮೂರನೇ ದಿನಕ್ಕೆ ಕೈ ಕೆಂಪಗೆ ಊದಿ, ನಡುವೆ ಕೀವು ತುಂಬಿತು.

ನಾನು ಲ್ಯಾಬ್ ಟೆಕ್ನಿಶಿಯನ್. ಹಾಗಾಗಿ ಮೊದಲು ನನಗೇ ತೋರಿಸಲು ಬಂದರು. "ನೋಡಮ್ಮಾ, ಕೀವು ಹಸಿರಾಗಿ ಬರ್ತಿದೆ. ಮುಳ್ಳಲ್ಲಿ ವಿಷ ಇತ್ತಾ?" ಅಂತ ಕೇಳಿದರು. ಮೊದಲು ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸಿದೆ. ಅಲ್ಲಿ ಗಾಯ ಬಿಡಿಸಿ ಮುಳ್ಳು ತೆಗೆದರು, ಟಿಟಿ ಇಂಜೆಕ್ಷನ್ ಕೊಟ್ಟರು. ಆದರೆ ಅಕ್ಕನ ಪ್ರಶ್ನೆ ನನ್ನಲ್ಲೇ ಉಳಿಯಿತು. ಎಷ್ಟೋ ವರ್ಷದಿಂದ ಮೈಕ್ರೋಸ್ಕೋಪಿನಲ್ಲಿ ಬಿಳಿ ರಕ್ತಕಣ ಎಣಿಸುತ್ತಿದ್ದೇನೆ. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿತು.

ಚಿಕ್ಕ ಉತ್ತರ ಹೀಗಿದೆ. ಕೀವಿನ ಆ ಮಂದ ಹಸಿರು ನಮ್ಮ ಮೈಯದೇ. ಅದು ಒಂದು ಕಿಣ್ವದ ಬಣ್ಣ. ಕಿಣ್ವದ ಹೆಸರು ಮೈಲೋಪೆರಾಕ್ಸಿಡೇಸ್. ನಮ್ಮ ರಕ್ತದ ಕೆಂಪಿಗೆ ಹೀಮ್ ಅನ್ನುವ ಕಬ್ಬಿಣದ ಅಂಶ ಕಾರಣ ಅಲ್ವಾ? ಈ ಕಿಣ್ವದಲ್ಲೂ ಹೀಮ್ ಇದೆ. ಆದರೆ ಅದು ಕಟ್ಟಿಕೊಂಡಿರುವ ರೀತಿ ಬೇರೆ, ಅದಕ್ಕೇ ಹಸಿರು ಕಾಣುತ್ತದೆ. 1941ರಲ್ಲಿ ಸ್ವೀಡನ್ನಿನ ಶೆಲ್ ಆಗ್ನರ್ ಇದನ್ನು ಕೀವಿನಿಂದಲೇ ಬೇರ್ಪಡಿಸಿದರು. ಬಣ್ಣ ನೋಡಿಯೇ ಹಸಿರು ಪೆರಾಕ್ಸಿಡೇಸ್ ಅನ್ನುವ ಅರ್ಥದಲ್ಲಿ ವರ್ಡೋಪೆರಾಕ್ಸಿಡೇಸ್ ಎಂದು ಹೆಸರಿಟ್ಟರು. (ಕಣ್ಣಿಗೆ ಹೊಡೆಯುವಂಥ ನೀಲಿ-ಹಸಿರು, ಜೊತೆಗೆ ಒಂಥರಾ ಸಿಹಿ ವಾಸನೆ ಇದ್ದರೆ ಕಥೆ ಬೇರೆ. ಅದು ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಬಣ್ಣ ಇರಬಹುದು, ತಡಮಾಡದೆ ತೋರಿಸಬೇಕು.)

ಈಗ ದೊಡ್ಡ ಉತ್ತರಕ್ಕೆ ಬರೋಣ. ಕಿಣ್ವ ಅಂದರೆ ಏನು ಅಂತ ಕಾಫಿ ಬೆಳೆಯುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಿಂದ ಬಂದ ಅರೇಬಿಕಾ ಬೀಜದ ಮೇಲೆ ಲೋಳೆ ಅಂಟಿಕೊಂಡಿರುತ್ತದೆ. ಎಷ್ಟು ಉಜ್ಜಿದರೂ ಸುಲಭಕ್ಕೆ ಬಿಡುವುದಿಲ್ಲ. ತೊಟ್ಟಿಯಲ್ಲಿ ಒಂದು ದಿನ, ಒಂದೂವರೆ ದಿನ ಬಿಡಿ. ಲೋಳೆ ತಾನಾಗಿ ಕರಗುತ್ತದೆ. ಹಣ್ಣಿನದೇ ಕಿಣ್ವಗಳು ಮತ್ತು ಅಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಕಿಣ್ವಗಳು ಸೇರಿ ಆ ಲೋಳೆಯನ್ನು ತುಂಡು ತುಂಡು ಮಾಡುತ್ತವೆ. ತೊಟ್ಟಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಬೀಜಕ್ಕೇ ಹುಳಿ ವಾಸನೆ ಹಿಡಿದು ಕಾಫಿ ಕೆಡುತ್ತದೆ. ಅದೇ ಕಿಣ್ವ, ಅದೇ ತೊಟ್ಟಿ. ಎಲ್ಲಿ, ಎಷ್ಟು ಹೊತ್ತು ಅನ್ನುವುದರ ಮೇಲೆ ಲಾಭ ನಷ್ಟ ನಿಂತಿದೆ.

ಬಿಳಿ ರಕ್ತಕಣದ ಕಷ್ಟವೂ ಇದೇ. ಅದರೊಳಗಿನ ಕಿಣ್ವಗಳು ಬ್ಯಾಕ್ಟೀರಿಯಾದ ಗೋಡೆ ಕರಗಿಸಬಲ್ಲವು. ಪ್ರೋಟೀನ್ ಕತ್ತರಿಸಬಲ್ಲವು. ನಮ್ಮ ಚರ್ಮ, ಶ್ವಾಸಕೋಶ, ಕೀಲುಗಳೂ ಪ್ರೋಟೀನಿನಿಂದಲೇ ಆದವು. ಆದ್ದರಿಂದ ಯಾವ ಕಿಣ್ವಗಳಿವೆ ಅಂತ ತಿಳಿದರೆ ಅರ್ಧ ಮಾತ್ರ ತಿಳಿದ ಹಾಗೆ. ಅವನ್ನು ಜೀವಕೋಶ ಯಾವ ಚೀಲದಲ್ಲಿ ಕಟ್ಟಿಟ್ಟಿದೆ, ಯಾವ ಚೀಲ ಮೊದಲು ಬಿಚ್ಚುತ್ತದೆ ಅನ್ನುವುದರಲ್ಲಿ ಉಳಿದರ್ಧ ಇದೆ. ನನಗೆ ಈ ಉಳಿದರ್ಧವೇ ಹೆಚ್ಚು ಇಷ್ಟ.

ಬಿಳಿ ರಕ್ತಕಣ ಒಂದೇ ಬಗೆಯದಲ್ಲ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ನಿಮ್ಮ ರಿಪೋರ್ಟಿನಲ್ಲಿ ಟಿಸಿ ಅಂತ ಬರೆದಿರುವುದು ಇದೇ. ಅದರ ಕೆಳಗೆ ಡಿಸಿ ಅಂತ ಇರುತ್ತದೆ. ಅಲ್ಲಿ ನ್ಯೂಟ್ರೋಫಿಲ್ ಅರ್ಧಕ್ಕಿಂತ ಹೆಚ್ಚು, ಲಿಂಫೋಸೈಟ್ 20ರಿಂದ 40 ಪರ್ಸೆಂಟ್, ಮೊನೋಸೈಟ್, ಇಯೋಸಿನೋಫಿಲ್ ಸ್ವಲ್ಪ, ಬೇಸೋಫಿಲ್ ಒಂದು ಪರ್ಸೆಂಟಿಗೂ ಕಮ್ಮಿ. ಮುಳ್ಳು ಚುಚ್ಚಿದ ಜಾಗಕ್ಕೆ ಮೊದಲು ಓಡಿ ಬರುವುದು ನ್ಯೂಟ್ರೋಫಿಲ್. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಒಣ ತೂಕದಲ್ಲಿ ಒಂದು ನ್ಯೂಟ್ರೋಫಿಲ್‌ನ 5 ಪರ್ಸೆಂಟ್‌ವರೆಗೂ ಮೈಲೋಪೆರಾಕ್ಸಿಡೇಸ್ ಇರುತ್ತದೆ. ಕೋಟಿಗಟ್ಟಲೆ ಕಣ ಒಂದೇ ಕಡೆ ಸೇರಿದರೆ ಹಸಿರು ಕಾಣದೆ ಇರುತ್ತದೆಯೇ?

ಒಂದು ನ್ಯೂಟ್ರೋಫಿಲ್ ಅಗಲ ಸ್ಲೈಡಿನ ಮೇಲೆ 12ರಿಂದ 15 ಮೈಕ್ರೋಮೀಟರ್. ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ಚಿಕ್ಕದರೊಳಗೆ ಯಾವುದು ಎಲ್ಲಿದೆ ಅಂತ ಹೇಗೆ ತಿಳಿಯಿತು? ಒಂದು ದಾರಿ ಬಣ್ಣ. 1870ರ ದಶಕದ ಕೊನೆಗೆ ಪಾಲ್ ಎರ್ಲಿಕ್ ಬೇರೆ ಬೇರೆ ಬಣ್ಣಗಳನ್ನು ರಕ್ತದ ಮೇಲೆ ಹಾಕಿ, ಕಣಗಳ ಒಳಗಿನ ಕಾಳುಗಳು ಯಾವ ಬಣ್ಣ ಹೀರುತ್ತವೆ ಅಂತ ನೋಡಿದರು. ಇಯೋಸಿನೋಫಿಲ್, ಬೇಸೋಫಿಲ್, ನ್ಯೂಟ್ರೋಫಿಲ್ ಅನ್ನುವ ಹೆಸರುಗಳೆಲ್ಲ ಅಲ್ಲಿಂದಲೇ ಬಂದವು. ನಾವು ದಿನಾ ಹಾಕುವ ಲೀಶ್ಮನ್ ಬಣ್ಣದಲ್ಲೂ ಅದೇ ಇಯೋಸಿನ್ ಇದೆ. ಆದರೆ ಕಾಳು ಕಾಣಿಸಿತು ಅಂದರೆ ಅದರೊಳಗೆ ಏನಿದೆ ಅಂತ ತಿಳಿದ ಹಾಗಾಗಲಿಲ್ಲ.

ಆ ಬಾಗಿಲು ತೆಗೆದದ್ದು ಒಂದು ಫ್ರಿಜ್ಜು. 1949ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ದ ಡೂವ್ ಇಲಿಯ ಲಿವರ್ ಅರೆದು ಆಸಿಡ್ ಫಾಸ್ಫಟೇಸ್ ಅನ್ನುವ ಕಿಣ್ವ ಅಳೆದರು. ಇರಬೇಕಾದಷ್ಟು ಸಿಗಲಿಲ್ಲ. ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬಂತು. ಅದೇ ಮಾದರಿಯನ್ನು ಐದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಅಳೆದರು. ಆಗ ಪೂರ್ತಿ ಸಿಕ್ಕಿತು! ಐದು ದಿನದಲ್ಲಿ ಹೊಸದಾಗಿ ಕಿಣ್ವ ಹುಟ್ಟಿರಲಿಲ್ಲ. ಅದು ಪೊರೆ ಇರುವ ಪುಟ್ಟ ಚೀಲಗಳ ಒಳಗೆ ಕೂತಿತ್ತು, ಪೊರೆ ಹಳಸಿದ ಮೇಲೆ ಹೊರಗೆ ಬಂತು. 1955ರಲ್ಲಿ ಈ ಚೀಲಕ್ಕೆ ಲೈಸೋಸೋಮ್ ಎಂದು ಹೆಸರು ಬಿತ್ತು. 1974ರಲ್ಲಿ ದ ಡೂವ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಬಿಳಿ ರಕ್ತಕಣದಲ್ಲಿ ಇದನ್ನೇ ಮಾಡಿದವರು ನ್ಯೂಯಾರ್ಕಿನ ಜಾನ್ವಿಲ್ ಕೋನ್ ಮತ್ತು ಜೇಮ್ಸ್ ಹರ್ಶ್. 1960ರಲ್ಲಿ ಮೊಲದ ಬಿಳಿ ಕಣಗಳನ್ನು ಸಕ್ಕರೆ ನೀರಿನಲ್ಲಿ ಮೆಲ್ಲಗೆ ಒಡೆದು, ಕಾಳುಗಳನ್ನು ಮಾತ್ರ ಬೇರ್ಪಡಿಸಿ, ಕಿಣ್ವಗಳು ಅವುಗಳೊಳಗೇ ಇವೆ ಅಂತ ತೋರಿಸಿದರು. ಆಮೇಲೆ 1974ರಲ್ಲಿ ಬ್ರೆಟ್ಸ್ ಮತ್ತು ಬಾಜಿಯೋಲಿನಿ ಮನುಷ್ಯರ ನ್ಯೂಟ್ರೋಫಿಲ್ ತೆಗೆದುಕೊಂಡು, ಕಾಳುಗಳನ್ನು ಅವುಗಳ ಸಾಂದ್ರತೆ ನೋಡಿ ವಿಂಗಡಿಸಿದರು. ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕುವ ಮುಂಚೆ ನೀರಿಗೆ ಸುರಿದು ನೋಡುತ್ತೇವಲ್ಲ, ಹಾಗೇ. ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಇಲ್ಲಿ ತೊಟ್ಟಿಯ ಬದಲು ಕೊಳವೆ. ಅದರಲ್ಲಿ ಮೇಲೆ ತೆಳು, ಕೆಳಗೆ ಮಂದ ಇರುವ ಸಕ್ಕರೆ ಪಾಕ. ಜೋರಾಗಿ ತಿರುಗಿಸಿದಾಗ ಒಂದೊಂದು ಬಗೆಯ ಕಾಳು ಒಂದೊಂದು ಎತ್ತರದಲ್ಲಿ ನಿಂತಿತು. ಪ್ರತಿ ಪದರವನ್ನು ತೆಗೆದು ಕಿಣ್ವ ಅಳೆದರು.

ಅಲ್ಲಿಂದ ಇಲ್ಲಿಯವರೆಗೆ ಕೂಡಿಬಂದ ಚಿತ್ರ ನಿಜಕ್ಕೂ ಚೆಂದ. ಕಾಳು ಅಂತ ಕಂಡದ್ದು ಪೊರೆ ಇರುವ ಚೀಲಗಳೇ. ನ್ಯೂಟ್ರೋಫಿಲ್‌ನೊಳಗೆ ಇಂಥ ನಾಲ್ಕು ಬಗೆಯ ಚೀಲಗಳಿವೆ. ಎಲ್ಲಕ್ಕಿಂತ ಭಾರದ್ದು ಮೊದಲನೇ ಬಗೆ, ಅಜುರೋಫಿಲ್ ಚೀಲ. ನಮ್ಮ ಹಸಿರು ಮೈಲೋಪೆರಾಕ್ಸಿಡೇಸ್ ಇರುವುದು ಇಲ್ಲೇ. ಜೊತೆಗೆ ಎಲಾಸ್ಟೇಸ್, ಕ್ಯಾಥೆಪ್ಸಿನ್ ಜಿ, ಪ್ರೋಟೀನೇಸ್ 3 ಅನ್ನುವ ಮೂರು ಪ್ರೋಟೀನ್ ಕತ್ತರಿಸುವ ಕಿಣ್ವಗಳು. ಬೀಟಾ ಗ್ಲುಕುರೋನಿಡೇಸ್‌ನಂಥ ಲೈಸೋಸೋಮಿನ ಕಿಣ್ವಗಳೂ ಇಲ್ಲೇ. ಎರಡನೆಯದು ಸ್ಪೆಸಿಫಿಕ್ ಚೀಲ. ಇದರಲ್ಲಿ ಕೊಲಾಜಿನೇಸ್ ಇದೆ. ಕಬ್ಬಿಣ ಹಿಡಿದಿಡುವ ಲ್ಯಾಕ್ಟೋಫೆರಿನ್ ಕೂಡ ಇದೆ, ಅದು ಕಿಣ್ವವಲ್ಲ. ಮೂರನೆಯದು ಜೆಲಾಟಿನೇಸ್ ಚೀಲ, ಹೆಸರೇ ಹೇಳುವ ಹಾಗೆ. ನಾಲ್ಕನೆಯದು ಬಹಳ ಹಗುರ, ಸ್ರವಿಸುವ ಚೀಲ ಅನ್ನಬಹುದು.

ಲೈಸೋಜೈಮ್ ಮಾತ್ರ ಒಂದೇ ಚೀಲಕ್ಕೆ ಅಂಟಿಕೊಂಡಿಲ್ಲ. ಮೊದಲನೆಯದರಲ್ಲೂ ಇದೆ, ಎರಡನೆಯದರಲ್ಲೂ ಇದೆ. ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುವ ಕಿಣ್ವ ಇದು. ಪೆನಿಸಿಲಿನ್ ಕಂಡುಹಿಡಿಯುವ ಕೆಲವು ವರ್ಷ ಮುಂಚೆ, 1920ರ ದಶಕದ ಶುರುವಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಇದನ್ನು ಮೂಗಿನ ಸಿಂಬಳದಲ್ಲಿ ಕಂಡರು. ನಮ್ಮ ಕಣ್ಣೀರಲ್ಲೂ, ಎಂಜಲಲ್ಲೂ ಇದೆ.

ಇನ್ನು ಆಲ್ಕಲೈನ್ ಫಾಸ್ಫಟೇಸ್ ಕಥೆ. ಮೊಲದ ಕಣದಲ್ಲಿ ಇದು ಎರಡನೇ ಬಗೆಯ ಚೀಲದಲ್ಲಿತ್ತು. ಮನುಷ್ಯರಲ್ಲೂ ಹಾಗೇ ಇರಬಹುದು ಅಂದುಕೊಂಡವರಿಗೆ ಲೆಕ್ಕ ಕೂಡಲಿಲ್ಲ. ಎರಡನೇ ಚೀಲ ಇರುವ ಪದರದಲ್ಲಿ ಅದು ಸಿಗುತ್ತಿರಲಿಲ್ಲ, ಹಗುರ ಪದರದಲ್ಲಿ ಪೊರೆಯ ಚೂರುಗಳ ಜೊತೆ ತೇಲುತ್ತಿತ್ತು. 1987ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೊರೆಗಾರ್ಡ್ ಮತ್ತು ಜೊತೆಗಾರರು, ಅದು ಬೇರೆಯೇ ಒಂದು ಹಗುರ ಚೀಲದಲ್ಲಿ ಅಡಗಿದೆ ಅಂತ ತೋರಿಸಿದರು. ಅದೇ ನಮ್ಮ ನಾಲ್ಕನೇ ಬಗೆ. ಅದರೊಳಗೆ ಆಲ್ಬುಮಿನ್ ಅನ್ನುವ ರಕ್ತದ್ರವದ ಪ್ರೋಟೀನ್ ಸಹ ಸಿಕ್ಕಿತು. ಅಂದರೆ ಜೀವಕೋಶ ಹೊರಗಿನಿಂದ ಪೊರೆ ಮಡಚಿ ಒಳಕ್ಕೆ ಎಳೆದುಕೊಂಡಾಗ ಆದ ಚೀಲ ಇದು. ಒಂದು ಪ್ರಾಣಿಯಲ್ಲಿ ಕಂಡ ಜಾಗವನ್ನು ಮನುಷ್ಯರಿಗೂ ಹಾಗೇ ಒಪ್ಪಿಸಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ನಾಲ್ಕು ಚೀಲಗಳಿಗೆ ಯಾವ ಕಿಣ್ವ ಯಾವುದಕ್ಕೆ ಹೋಗಬೇಕು ಅಂತ ಹೇಳುವವರು ಯಾರು? ಪ್ರತಿ ಕಿಣ್ವಕ್ಕೂ ಒಂದು ವಿಳಾಸದ ಚೀಟಿ ಇರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಅಷ್ಟು ಕಷ್ಟದ ವ್ಯವಸ್ಥೆ ಬೇಕಾಗಿಯೇ ಇಲ್ಲ. ನ್ಯೂಟ್ರೋಫಿಲ್ ಮೂಳೆಯೊಳಗಿನ ಮಜ್ಜೆಯಲ್ಲಿ ಸುಮಾರು ಎರಡು ವಾರ ಬೆಳೆಯುತ್ತದೆ. ಮೊದಲ ಹಂತದಲ್ಲಿ ಮೈಲೋಪೆರಾಕ್ಸಿಡೇಸ್, ಎಲಾಸ್ಟೇಸ್ ತಯಾರಾಗುತ್ತವೆ. ಆಗ ಕಟ್ಟುತ್ತಿರುವ ಚೀಲಕ್ಕೆ ಸೇರುತ್ತವೆ. ಆಮೇಲೆ ಆ ಕಿಣ್ವಗಳ ತಯಾರಿ ನಿಲ್ಲುತ್ತದೆ, ಬೇರೆ ಕಿಣ್ವ ಶುರುವಾಗುತ್ತದೆ, ಹೊಸ ಚೀಲ ಕಟ್ಟುತ್ತದೆ. ಹುಟ್ಟಿದ ಸಮಯವೇ ವಿಳಾಸ. 1996ರಲ್ಲಿ ಬೊರೆಗಾರ್ಡ್ ಅವರ ತಂಡ ಇದನ್ನು ಪರೀಕ್ಷಿಸಿಯೂ ನೋಡಿತು. ಎರಡನೇ ಚೀಲಕ್ಕೆ ಸೇರಬೇಕಾದ ಎನ್‌ಗಾಲ್ ಅನ್ನುವ ಪ್ರೋಟೀನನ್ನು, ಇನ್ನೂ ಮೊದಲ ಹಂತದಲ್ಲೇ ಇರುವ ಜೀವಕೋಶದಲ್ಲಿ ತಯಾರಾಗುವಂತೆ ಮಾಡಿದರು. ಅದು ಹೋಗಿ ಮೊದಲನೇ ಚೀಲದಲ್ಲಿ ಕೂತಿತು!

ಬಿಚ್ಚುವ ಕ್ರಮ ಇನ್ನೂ ಸೊಗಸು. ಗೋಡೌನಿನಲ್ಲಿ ಮೊದಲು ತಂದ ಕಾಫಿ ಮೂಟೆ ಒಳಗಡೆ ಗೋಡೆಗೆ ಒರಗುತ್ತದೆ. ಕೊನೆಗೆ ತಂದದ್ದು ಬಾಗಿಲ ಹತ್ತಿರ ಉಳಿಯುತ್ತದೆ. ಲಾರಿ ಬಂದಾಗ ಬಾಗಿಲ ಹತ್ತಿರದ್ದೇ ಮೊದಲು ಹೊರಡುತ್ತದೆ. ನ್ಯೂಟ್ರೋಫಿಲ್ ಕೂಡ ಹೀಗೇ. ಕೊನೆಗೆ ಆದ ಚೀಲ ಮೊದಲು ಬಿಚ್ಚುತ್ತದೆ, ಮೊದಲು ಆದದ್ದು ಕೊನೆಗೆ.

ಅಕ್ಕನ ಅಂಗೈಯನ್ನೇ ನೋಡಿ. ಮುಳ್ಳು ಹೊಕ್ಕಿದೆ, ಜೊತೆಗೆ ಮಣ್ಣು, ಬ್ಯಾಕ್ಟೀರಿಯಾ. ಅಪಾಯದ ವಾಸನೆ ಸಿಕ್ಕ ತಕ್ಷಣ ರಕ್ತನಾಳದಲ್ಲಿ ಹೋಗುತ್ತಿದ್ದ ನ್ಯೂಟ್ರೋಫಿಲ್‌ನ ನಾಲ್ಕನೇ ಬಗೆಯ ಚೀಲಗಳು ಹೊರ ಪೊರೆಗೆ ಸೇರುತ್ತವೆ. ಅವುಗಳ ಜೊತೆ ಬಂದ ಕೊಕ್ಕೆಗಳಿಂದ ಕಣ ನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಜೆಲಾಟಿನೇಸ್. ನಾಳದ ಸುತ್ತ ಇರುವ ತೆಳು ಪದರವನ್ನು ಬಿಡಿಸಿ ಹೊರಗೆ ದಾರಿ ಮಾಡುವುದರಲ್ಲಿ ಇದರ ಕೈ ಇದೆ. ಆಮೇಲೆ ಎರಡನೇ ಬಗೆ. ಅದರಲ್ಲಿನ ಕೊಲಾಜಿನೇಸ್ ಒರೆಯೊಳಗಿನ ಪೀಚೆಕತ್ತಿಯ ಹಾಗೆ, ಕೆಲಸ ಮಾಡದ ರೂಪದಲ್ಲೇ ಇರುತ್ತದೆ. ಹೊರಗೆ ಬಂದ ಮೇಲೆ ಬೇರೊಂದು ರಾಸಾಯನಿಕ ತಗುಲಿದಾಗ ಮಾತ್ರ ಒರೆ ಕಳಚುತ್ತದೆ. ಕೊನೆಗೆ, ಬ್ಯಾಕ್ಟೀರಿಯಾವನ್ನು ನುಂಗಿ ಹೊಟ್ಟೆಯಂಥ ಚೀಲದಲ್ಲಿ ಮುಚ್ಚಿಕೊಂಡ ಮೇಲೆ, ಮೊದಲನೇ ಬಗೆಯ ಚೀಲಗಳು ಆ ಹೊಟ್ಟೆಯೊಳಕ್ಕೇ ಸುರಿಯುತ್ತವೆ. ಎಲ್ಲಕ್ಕಿಂತ ಅಪಾಯದ ಸಾಮಾನು ಎಲ್ಲಕ್ಕಿಂತ ಕೊನೆಗೆ, ಅದೂ ಬಹುಪಾಲು ಒಳಗಡೆಗೇ.

ಈಗ ಆ ವಾರದ ತೋಟದ ಇನ್ನೊಂದು ಕೆಲಸ ನೆನಪಿಸಿಕೊಳ್ಳಿ. ಬೋರ್ಡೋ ಮಿಶ್ರಣ. ಮೈಲುತುತ್ತದ ನೀರು ಒಂದು ಕಡೆ, ಸುಣ್ಣದ ನೀರು ಒಂದು ಕಡೆ. ಹೊಡೆಯುವ ದಿನವೇ ಸೇರಿಸಬೇಕು, ಅವತ್ತೇ ಮುಗಿಸಬೇಕು. ಸೇರಿಸಿಟ್ಟರೆ ಕೆಡುತ್ತದೆ. ನ್ಯೂಟ್ರೋಫಿಲ್ ಕೂಡ ತನ್ನ ಔಷಧಿಯನ್ನು ಹೀಗೇ ಆ ಹೊತ್ತಿಗೇ ಬೆರೆಸುತ್ತದೆ. ಬೆರೆಸಲು ಬೇಕಾದ ಒಂದು ಕಿಣ್ವ ಎನ್‌ಎಡಿಪಿಎಚ್ ಆಕ್ಸಿಡೇಸ್. ಇದನ್ನು ಇಡೀ ಕಿಣ್ವವಾಗಿ ಒಂದೇ ಕಡೆ ಹುಡುಕಿದರೆ ಸಿಗುವುದಿಲ್ಲ. ಅದರ ಎರಡು ಭಾಗ ಪೊರೆಯಲ್ಲಿ ನೆಟ್ಟಿವೆ, ಹೆಚ್ಚಿನಂಶ ಎರಡನೇ ಬಗೆಯ ಚೀಲಗಳ ಪೊರೆಯಲ್ಲಿ. ಉಳಿದ ಭಾಗಗಳು ಜೀವಕೋಶದ ತಿಳಿ ದ್ರವದಲ್ಲಿ ಬಿಡಿ ಬಿಡಿಯಾಗಿ ತೇಲುತ್ತವೆ. ಬ್ಯಾಕ್ಟೀರಿಯಾ ನುಂಗಿದಾಗ ಎಲ್ಲ ಬಂದು ಪೊರೆಯಲ್ಲಿ ಜೋಡಣೆಯಾಗುತ್ತವೆ. ಆಗ ಮಾತ್ರ ಕಿಣ್ವ ಚಾಲೂ. ಅದು ಆಮ್ಲಜನಕವನ್ನು ಸೂಪರಾಕ್ಸೈಡ್ ಮಾಡುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅಷ್ಟರಲ್ಲಿ ಬಂದು ಸೇರಿದ ನಮ್ಮ ಹಸಿರು ಕಿಣ್ವ, ಆ ಪೆರಾಕ್ಸೈಡನ್ನೂ ಮೈಯ ಉಪ್ಪಿನ ಕ್ಲೋರೈಡನ್ನೂ ಸೇರಿಸಿ ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕ್ರಿಮಿ ಕೊಲ್ಲುವುದೂ ಇದೇ ಆಮ್ಲ.

ಪೊರೆಯ ಈ ಆಕ್ಸಿಡೇಸ್‌ನ ಒಂದು ಭಾಗ ಹುಟ್ಟಿನಿಂದಲೇ ಕೆಟ್ಟಿದ್ದರೆ ಕ್ರಾನಿಕ್ ಗ್ರಾನ್ಯುಲೋಮೇಟಸ್ ಡಿಸೀಸ್ ಅನ್ನುವ ಕಾಯಿಲೆ ಬರುತ್ತದೆ. ಮಕ್ಕಳಿಗೆ ಮತ್ತೆ ಮತ್ತೆ ಕುರು, ಶ್ವಾಸಕೋಶದ ಸೋಂಕು, ಬೂಷ್ಟಿನ ಸೋಂಕು. ಆದರೆ ಮೈಲೋಪೆರಾಕ್ಸಿಡೇಸ್ ಇಲ್ಲದಿದ್ದರೆ? ಯುರೋಪು, ಅಮೆರಿಕಗಳಲ್ಲಿ 2,000ದಿಂದ 4,000 ಜನರಲ್ಲಿ ಒಬ್ಬರಿಗೆ ಈ ಕಿಣ್ವ ಕೊರತೆ ಇದೆ. ಅವರಲ್ಲಿ ಬಹುತೇಕರಿಗೆ ಏನೂ ತೊಂದರೆಯೇ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ಕೆಲವರಿಗೆ ಕ್ಯಾಂಡಿಡಾ ಅನ್ನುವ ಶಿಲೀಂಧ್ರದ ಸೋಂಕು ಜೋರಾಗಬಹುದು, ಅಷ್ಟೇ. ಒಂದೇ ಸಾಲಿನಲ್ಲಿ ಕೆಲಸ ಮಾಡುವ ಎರಡು ಕಿಣ್ವ. ಒಂದು ಇಲ್ಲದಿದ್ದರೆ ಜೀವಕ್ಕೇ ಅಪಾಯ, ಇನ್ನೊಂದು ಇಲ್ಲದಿದ್ದರೂ ಮೈ ಹೇಗೋ ಸಂಭಾಳಿಸುತ್ತದೆ.

ಚೀಲ, ಪೊರೆ ಆಯಿತು. ತಿಳಿ ದ್ರವದಲ್ಲಿ ಸಕ್ಕರೆ ಒಡೆಯುವ ಕಿಣ್ವಗಳೆಲ್ಲ ಇವೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ನ್ಯೂಟ್ರೋಫಿಲ್‌ನಲ್ಲಿ ಕಮ್ಮಿ, ಅದು ಮುಖ್ಯವಾಗಿ ಈ ದ್ರವದ ಕಿಣ್ವಗಳಿಂದಲೇ ಶಕ್ತಿ ಪಡೆಯುತ್ತದೆ. ಕೀವು ತುಂಬಿ ಗಾಳಿಯಾಡದ ಜಾಗದಲ್ಲೂ ಕೆಲಸ ಸಾಗುವುದು ಹೀಗೆ. ಜಿ6ಪಿಡಿ ಅನ್ನುವ ಕಿಣ್ವ ಕೂಡ ಇಲ್ಲೇ, ಆಕ್ಸಿಡೇಸ್‌ಗೆ ಬೇಕಾದ ಎನ್‌ಎಡಿಪಿಎಚ್ ಅನ್ನುವ ಕಚ್ಚಾ ಸಾಮಾನು ಒದಗಿಸುವುದು ಅದೇ.

ಉಳಿದ ಕಣಗಳ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಬರಿಗಾಲಲ್ಲಿ ಒದ್ದೆ ಮಣ್ಣಿನಲ್ಲಿ ನಡೆದು ಕೊಕ್ಕೆಹುಳ ಅಂಟಿದವರ ಸ್ಲೈಡಿನಲ್ಲಿ ಇಯೋಸಿನೋಫಿಲ್ ಎದ್ದು ಕಾಣುತ್ತದೆ. ಕಿತ್ತಳೆ ಬಣ್ಣದ ದಪ್ಪ ಕಾಳುಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಒಂದೊಂದು ಕಾಳಿನ ನಡುವೆ ಹರಳಿನಂಥ ತಿರುಳು ಕಾಣುತ್ತದೆ. ತಿರುಳಿನಲ್ಲಿರುವುದು ಕಿಣ್ವವಲ್ಲದ ಒಂದು ಪ್ರೋಟೀನ್. ಅದರ ಸುತ್ತ ಇರುವ ಭಾಗದಲ್ಲಿ ಇಯೋಸಿನೋಫಿಲ್ ಪೆರಾಕ್ಸಿಡೇಸ್ ಇದೆ. ಒಂದೇ ಕಾಳಿನೊಳಗೂ ಒಳಮನೆ, ಜಗಲಿ ಬೇರೆ ಬೇರೆ. ಮೊನೋಸೈಟ್‌ನಲ್ಲಿ ಲೈಸೋಸೋಮ್‌ಗಳು ಹೇರಳ. ಸ್ವಲ್ಪ ಮೈಲೋಪೆರಾಕ್ಸಿಡೇಸ್ ಕೂಡ ಇದೆ, ಆದರೆ ಅದು ರಕ್ತ ಬಿಟ್ಟು ಮ್ಯಾಕ್ರೋಫೇಜ್ ಅನ್ನುವ ದೊಡ್ಡ ನುಂಗುವ ಕಣವಾಗಿ ಬೆಳೆದಾಗ ಆ ಕಿಣ್ವ ಕಳೆದುಹೋಗುತ್ತದೆ. ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವ ಲಿಂಫೋಸೈಟ್‌ಗಳಲ್ಲಿ ಗ್ರಾನ್‌ಜೈಮ್ ಅನ್ನುವ ಕಿಣ್ವಗಳಿವೆ. ಇವೂ ಚೀಲದೊಳಗೇ ಇರುತ್ತವೆ, ಪರ್ಫೊರಿನ್ ಅನ್ನುವ ತೂತು ಕೊರೆಯುವ ಪ್ರೋಟೀನಿನ ಜೊತೆ. ಇನ್ನೂ ಎಳೆಯ ಲಿಂಫೋಸೈಟ್‌ಗಳ ನ್ಯೂಕ್ಲಿಯಸ್ಸಿನಲ್ಲಿ ಟಿಡಿಟಿ ಅನ್ನುವ ಕಿಣ್ವ ಇರುತ್ತದೆ, ಬಲಿತ ಮೇಲೆ ಇರುವುದಿಲ್ಲ.

ಇದೆಲ್ಲ ಪುಸ್ತಕದ ಮಾತಾಯಿತು, ನಮಗೇನು ಅಂತ ಕೇಳಬಹುದು. ನನ್ನ ಕೆಲಸದ ಮೇಜಿನ ಮೇಲೆ ಇದು ದಿನಾ ಇರುತ್ತದೆ. ಬ್ಲಡ್ ಕ್ಯಾನ್ಸರ್ ಅನುಮಾನ ಬಂದಾಗ ಎಳೆಯ ಕಣಗಳು ನೋಡಲು ಒಂದೇ ಥರ ಇರುತ್ತವೆ. ಪೆರಾಕ್ಸಿಡೇಸ್ ಬಣ್ಣ ಹಾಕಿದಾಗ ನ್ಯೂಕ್ಲಿಯಸ್ಸಿನ ಹೊರಗೆ ಕಾಳು ಕಾಳಾಗಿ ಬಣ್ಣ ಹತ್ತಿದರೆ ಅದು ಮೈಲಾಯ್ಡ್ ಬಗೆ, ಅಂದರೆ ನ್ಯೂಟ್ರೋಫಿಲ್, ಮೊನೋಸೈಟ್‌ಗಳ ಸಾಲಿನದು. ಹತ್ತದೆ, ನ್ಯೂಕ್ಲಿಯಸ್ಸಿನಲ್ಲಿ ಟಿಡಿಟಿ ಸಿಕ್ಕರೆ ಲಿಂಫಾಯ್ಡ್, ಅಂದರೆ ಲಿಂಫೋಸೈಟ್ ಸಾಲಿನ ಬಗೆಯ ಕಡೆಗೆ ಬೆರಳು ತೋರಿಸುತ್ತದೆ. ಈಗ ಇದರ ಜೊತೆ ಇನ್ನೂ ಎಷ್ಟೋ ಪರೀಕ್ಷೆ ಮಾಡುತ್ತಾರೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಎದೆಗೂಡಿನಲ್ಲಿ ನೀರು ತುಂಬಿದವರಿಗೆ ಎಡಿಎ ಟೆಸ್ಟ್ ಬರೆದಿರುವುದನ್ನು ನೋಡಿರಬಹುದು. ಅಡೆನೋಸಿನ್ ಡಿಅಮಿನೇಸ್ ಅನ್ನುವ ಕಿಣ್ವ ಅದು. ಎರಡು ರೂಪದಲ್ಲಿದೆ. ಒಂದು, ಬಹುತೇಕ ಎಲ್ಲ ಜೀವಕೋಶಗಳ ಒಳಗೆ ಇರುವಂಥದ್ದು, ಲಿಂಫೋಸೈಟ್‌ಗಳಲ್ಲಿ ಜಾಸ್ತಿ. ಇನ್ನೊಂದು ಮುಖ್ಯವಾಗಿ ಮೊನೋಸೈಟ್ ಮತ್ತು ಮ್ಯಾಕ್ರೋಫೇಜ್‌ಗಳಿಂದ ಹೊರಕ್ಕೆ ಬರುವಂಥದ್ದು. ಟಿಬಿಯಿಂದ ತುಂಬಿದ ನೀರಿನಲ್ಲಿ ಈ ಎರಡನೆಯದೇ ಹೆಚ್ಚು. ಲೀಟರಿಗೆ ಸುಮಾರು 40 ಯೂನಿಟ್ ದಾಟಿದರೆ ಡಾಕ್ಟರು ಟಿಬಿ ಕಡೆ ಗಮನ ಕೊಡುತ್ತಾರೆ. ಒಳಗಿರುವ ರೂಪ ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಲಿಂಫೋಸೈಟ್‌ಗಳೇ ಬದುಕುವುದಿಲ್ಲ. 1990ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಮಾಡಿದ ಮೊದಲ ಜೀನ್ ಚಿಕಿತ್ಸೆ ಇದೇ ಕಾಯಿಲೆಗೆ.

ಮೂತ್ರದ ಸ್ಟ್ರಿಪ್ ಇನ್ನೂ ಹತ್ತಿರದ್ದು. ಅದರ ಒಂದು ಚೌಕ ನ್ಯೂಟ್ರೋಫಿಲ್ ಕಾಳುಗಳ ಎಸ್ಟರೇಸ್ ಕಿಣ್ವವನ್ನು ಹುಡುಕುತ್ತದೆ. ಸೋಂಕಿದ್ದರೆ ಎರಡು ನಿಮಿಷದಲ್ಲಿ ನೇರಳೆಯಾಗುತ್ತದೆ. ಮೂತ್ರ ಸ್ವಲ್ಪ ಹೊತ್ತು ಇಟ್ಟರೆ ಬಿಳಿ ಕಣಗಳು ಒಡೆದು ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಕಿಣ್ವ ಮಾತ್ರ ಚೀಲದಿಂದ ಹೊರಬಿದ್ದು ನೀರಿನಲ್ಲಿ ಉಳಿದಿರುತ್ತದೆ, ಸ್ಟ್ರಿಪ್ ಅದನ್ನು ಹಿಡಿಯುತ್ತದೆ. ದ ಡೂವ್ ಅವರ ಫ್ರಿಜ್ಜಿನಲ್ಲಿ ಆದದ್ದೇ ಇಲ್ಲೂ ಆಗುವುದು. ಕೊಡಗಿನವರಿಗೆ ಒಂದು ಮಾತು. ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರ ಕೆಂಪಗೆ ಬರುತ್ತದೆ ಅಲ್ವಾ? ಬಣ್ಣ ಬಂದ ಮೂತ್ರದಲ್ಲಿ ಸ್ಟ್ರಿಪ್ಪಿನ ಬಣ್ಣ ಓದುವುದು ಕಷ್ಟ. ಆ ದಿನಗಳಲ್ಲಿ ಟೆಸ್ಟಿಗೆ ಬಂದರೆ ಪಾಯಸ ಉಂಡಿದ್ದೀವಿ ಅಂತ ಲ್ಯಾಬಿನವರಿಗೆ ದಯವಿಟ್ಟು ಹೇಳಿ.

ಜಾಗದ ವಿಷಯದಲ್ಲಿ ಕಣ್ಣು ಮೋಸ ಹೋಗುವುದೂ ಉಂಟು. ಕೆಲವರ ಮೈ ತನ್ನದೇ ನ್ಯೂಟ್ರೋಫಿಲ್ ಕಿಣ್ವಗಳ ವಿರುದ್ಧ ಆಂಟಿಬಾಡಿ ಮಾಡಿಕೊಳ್ಳುತ್ತದೆ. ರಕ್ತನಾಳ ಉರಿಯುತ್ತದೆ, ಕಿಡ್ನಿ, ಶ್ವಾಸಕೋಶ ಹಾಳಾಗುತ್ತವೆ. ಆಂಕಾ ಅನ್ನುವ ಟೆಸ್ಟಿನಲ್ಲಿ ರೋಗಿಯ ರಕ್ತದ ಆಂಟಿಬಾಡಿಗಳು ನ್ಯೂಟ್ರೋಫಿಲ್‌ನ ಯಾವ ಜಾಗಕ್ಕೆ ಅಂಟುತ್ತವೆ ಅಂತ ಹೊಳೆಯುವ ಬಣ್ಣದಲ್ಲಿ ನೋಡುತ್ತಾರೆ. ಪ್ರೋಟೀನೇಸ್ 3 ವಿರುದ್ಧ ಇದ್ದರೆ ಕಣದ ಮೈಯೆಲ್ಲ ಕಾಳು ಕಾಳಾಗಿ ಹೊಳೆಯುತ್ತದೆ. ಮೈಲೋಪೆರಾಕ್ಸಿಡೇಸ್ ವಿರುದ್ಧ ಇದ್ದರೆ ನ್ಯೂಕ್ಲಿಯಸ್ಸಿನ ಸುತ್ತ ಮಾತ್ರ ಹೊಳೆಯುತ್ತದೆ. ಆದರೆ ಎರಡೂ ಇರುವುದು ಒಂದೇ ಬಗೆಯ ಚೀಲದಲ್ಲಿ! ಮತ್ತೆ ಹೀಗೇಕೆ? ಸ್ಲೈಡನ್ನು ಆಲ್ಕೋಹಾಲಿನಲ್ಲಿ ಅದ್ದಿದಾಗ ಚೀಲದ ಪೊರೆ ತೂತಾಗುತ್ತದೆ. ಮೈಲೋಪೆರಾಕ್ಸಿಡೇಸ್‌ಗೆ ಧನ ವಿದ್ಯುತ್ ಅಂಶ ಹೆಚ್ಚು, ನ್ಯೂಕ್ಲಿಯಸ್ಸಿನ ಡಿಎನ್‌ಎಗೆ ಋಣ. ಅದು ಅಲ್ಲಿಗೆ ಸರಿದು ಅಂಟಿಕೊಳ್ಳುತ್ತದೆ. ಆಲ್ಕೋಹಾಲ್ ಬದಲು ಫಾರ್ಮಲಿನ್ ಬಳಸಿದರೆ ಎರಡೂ ತಮ್ಮ ಚೀಲದ ಜಾಗದಲ್ಲೇ ಕಾಣುತ್ತವೆ. ನಾವು ಸ್ಲೈಡ್ ತಯಾರಿಸುವ ರೀತಿಯೇ ಕಿಣ್ವದ ಜಾಗ ಬದಲಿಸಿಬಿಟ್ಟಿತ್ತು.

ಕಣ ಬದುಕಿರುವಾಗಲೂ ಒಂದು ಕಿಣ್ವ ಹೀಗೆ ಜಾಗ ಬಿಟ್ಟು ಹೊರಡುವುದುಂಟು. 2004ರಲ್ಲಿ ಬರ್ಲಿನ್ನಿನ ಸಂಶೋಧಕರು ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯ ಹಾಗೆ ಹೊರಗೆ ಎಸೆದು ಬ್ಯಾಕ್ಟೀರಿಯಾ ಹಿಡಿಯುವುದನ್ನು ಕಂಡರು. ಅದಕ್ಕೆ ಮುಂಚೆ ಎಲಾಸ್ಟೇಸ್ ತನ್ನ ಚೀಲ ಬಿಟ್ಟು ನ್ಯೂಕ್ಲಿಯಸ್ಸಿಗೆ ಹೋಗಿ, ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳನ್ನು ಕತ್ತರಿಸುತ್ತದೆ ಅಂತ ಆಮೇಲೆ ಗೊತ್ತಾಯಿತು.

ಎಲಾಸ್ಟೇಸ್ ಹೊರಗೆ ಸೋರಿದರೆ ಕಾಯಲು ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನುವ ಪ್ರೋಟೀನ್ ಇದೆ. ಲಿವರಿನಲ್ಲಿ ತಯಾರಾಗಿ ಶ್ವಾಸಕೋಶದವರೆಗೂ ಹೋಗಿ ಎಲಾಸ್ಟೇಸನ್ನು ಹಿಡಿದು ಕಟ್ಟಿಹಾಕುತ್ತದೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್, ಇದು ಕಮ್ಮಿ ಇರುವವರಲ್ಲಿ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ ಬರುವುದನ್ನು ಗಮನಿಸಿದರು. ಬೀಡಿ, ಸಿಗರೇಟಿನ ಹೊಗೆ ಎರಡೂ ಕಡೆಯಿಂದ ಹೊಡೆಯುತ್ತದೆ. ಶ್ವಾಸಕೋಶಕ್ಕೆ ನ್ಯೂಟ್ರೋಫಿಲ್‌ಗಳನ್ನು ಕರೆಸುತ್ತದೆ, ಜೊತೆಗೆ ಈ ಕಾವಲುಗಾರನನ್ನೂ ಕೆಡಿಸುತ್ತದೆ. ಮಳೆಗಾಲದಲ್ಲಿ ಉಸಿರಿಗೆ ಒದ್ದಾಡುವ ನಮ್ಮೂರ ಹಿರಿಯರನ್ನು ನೋಡಿದಾಗಲೆಲ್ಲ, ಬೀಡಿ ಬಿಡಿ ಅಂತ ಕೈಮುಗಿದು ಹೇಳಬೇಕು ಅನ್ನಿಸುತ್ತದೆ.

ಅಕ್ಕನ ಕೈಯಲ್ಲಿ ಮುಳ್ಳು ಹೋದ ಮೇಲೆ ನ್ಯೂಟ್ರೋಫಿಲ್‌ಗಳನ್ನು ಕರೆಯುವ ಕೂಗು ನಿಂತಿತು. ಒಡೆದು ಹೋದವು ಕೀವಾಗಿ ಹೊರಗೆ ಬಂದವು. ಉಳಿದವು ಒಡೆಯದೆ, ತಾವಾಗಿ ಮುದುಡಿ ಸಾಯುತ್ತವೆ, ಚೀಲಗಳೆಲ್ಲ ಇನ್ನೂ ಕಟ್ಟಿದ ಹಾಗೇ. ಮ್ಯಾಕ್ರೋಫೇಜ್‌ಗಳು ಬಂದು ಅವನ್ನು ಇಡಿಯಾಗಿ ನುಂಗುತ್ತವೆ. ಬಿಚ್ಚದೆ ಉಳಿದ ಎಲಾಸ್ಟೇಸ್, ಮೈಲೋಪೆರಾಕ್ಸಿಡೇಸ್ ಎಲ್ಲ ಆ ಮ್ಯಾಕ್ರೋಫೇಜ್‌ನ ಲೈಸೋಸೋಮಿನಲ್ಲೇ ಕರಗಿಹೋಗುತ್ತವೆ. ಹತ್ತು ದಿನದ ಮೇಲೆ ಅಕ್ಕ ಅಂಗೈ ಚಾಚಿ ತೋರಿಸಿದರು. ಗಾಯ ಒಣಗಿ ತೆಳು ಗುಲಾಬಿ ಚರ್ಮ ಬಂದಿತ್ತು. "ವಿಷ ಅಲ್ಲ ಅಕ್ಕಾ, ಆ ಹಸಿರು ನಿಮ್ಮದೇ ರಕ್ತದ್ದು" ಅಂದೆ. ಅವರು ಒಂದು ಗಳಿಗೆ ಕೈಯನ್ನೇ ನೋಡಿಕೊಂಡು ನಿಂತರು. ಆಮೇಲೆ, "ಹಂಗಾದ್ರೆ ಅಷ್ಟು ದಿನ ಒಳಗೆ ಎಲ್ಲಿತ್ತು ಅದು?" ಅಂತ ಕೇಳಿದರು. ಜಗಲಿಯ ಮೇಲೆ ಕೂತು, ಗೋಡೌನಿನ ಮೂಟೆಗಳಿಂದ ಶುರು ಮಾಡಿದೆ.